ಚಕ್ಕುಬಂದಿಯೊಳಗಿನ ಚರಿತ್ರೆ

ದೇಶವು ತನ್ನ ಸ್ವಾತಂತ್ರ್ಯದ ಅಮೃತಮಹೋತ್ಸವವನ್ನು ಆಚರಿಸುತ್ತಿದ್ದ 2022ನೆಯ ಇಸವಿಯ ಆಷಾಢಮಾಸದಲ್ಲಿ, ಹಗಲೆಲ್ಲ ಜಿನುಗಿದ ಮಳೆ ಸಂಜೆಯ ಹೊತ್ತಿಗೆ ತುಸು ಬಿಡುವು ಕೊಟ್ಟಿದ್ದಾಗ, ನಮ್ಮ ಬೀದಿಯ ಹೈಸ್ಕೂಲು ಹುಡುಗಿಯೊಬ್ಬಳು ಅಚ್ಚಿನ ಹಾಳೆಯೊಂದನ್ನು ಮಡಿಸಿ ಹಿಡಿದುಕೊಂಡು ನಮ್ಮ ಮನೆಯ ಬಾಗಿಲಿಗೆ ಬಂದಳು. ಚರಿತ್ರೆಯ ಪಾಠ ಹೇಳಿ ನಿವೃತ್ತನಾದವನ ಮನೆಗೆ ನೆರೆಹೊರೆಯ ಮಕ್ಕಳು ಬರುವುದು ಸಾಮಾನ್ಯವಾಗಿ ಪರೀಕ್ಷೆಯ ಮುನ್ನಾದಿನಗಳಲ್ಲಿ. ಅಕಾಲದಲ್ಲಿ ಬಂದವಳನ್ನು ಕಂಡು ಏನಮ್ಮ ಎಂದೆ. ಹಾಳೆಯನ್ನು ಬಿಡಿಸಿ ತೋರಿಸಿದಳು. ನಿಮ್ಮ ಊರಿನ ಐವರು ಸ್ವಾತಂತ್ರ್ಯ ಹೋರಾಟಗಾರರ ಹೆಸರು ಮತ್ತು ಸಾಧನೆ ಎಂಬ ತಲೆಬರಹ. ಅದರ ಕೆಳಗೆ ಒಂದರಿಂದ ಐದರವರೆಗೆ ಅಂಕಿಗಳು. ಒಂದೊಂದು ಅಂಕಿಯ ಮುಂದೆಯೂ ಒಂದು ಉದ್ದನೆಯ ಗೆರೆ. “ಖಾಲಿ ಬಿಟ್ರೆ ಮಾರ್ಕ್ಸ್ ಇಲ್ಲ ತಾತ. ನಮ್ಮ ಜರಗನಹಳ್ಳೀಲಿ ಒಬ್ರಾದ್ರೂ ಇರ್ಲಿಲ್ವಾ?” ಎಂದಳು.

ಪ್ರಶ್ನೆ ಕೇಳಿದವಳಿಗೆ ಹದಿನಾಲ್ಕು ವರ್ಷ. ಆದರೆ ಪ್ರಶ್ನೆಗೆ ಅದಕ್ಕಿಂತ ಬಹಳ ಹೆಚ್ಚಿನ ವಯಸ್ಸುಂಟು. ರಾಷ್ಟ್ರಕ್ಕೆ ಒಂದು ಸ್ಮರಣೀಯವಾದ ವರ್ಷ ಒದಗಿದಾಗಲೆಲ್ಲ ರಾಜಧಾನಿಯಿಂದ ಸುತ್ತೋಲೆಯೊಂದು ಹೊರಟು, ರಾಜ್ಯವನ್ನು ಹಾಯ್ದು, ಜಿಲ್ಲೆಯನ್ನು ಹಾಯ್ದು, ತಾಲ್ಲೂಕನ್ನು ಹಾಯ್ದು, ಕಟ್ಟಕಡೆಗೆ ಶಾಲೆಯ ಮೇಷ್ಟ್ರ ಮೇಜಿನ ಮೇಲೆ ಬಂದು ಕುಳಿತು, ನಿಮ್ಮಲ್ಲಿ ವೀರರು ಎಷ್ಟು ಮಂದಿ ಎಂದು ಕೇಳುತ್ತದೆ. ಕೇಳುವುದು ತಪ್ಪೇನೂ ಅಲ್ಲ. ಆದರೆ ಕೇಳಿದ ಬಗೆಯಿಂದಲೇ ಉತ್ತರದ ಆಕಾರವೂ ನಿಶ್ಚಯವಾಗಿಬಿಡುತ್ತದೆ ಎಂಬುದನ್ನು, ಮತ್ತು ಐದು ಗೆರೆಗಳ ಅಳತೆಗೆ ಸಿಕ್ಕದ ಊರುಗಳು ಚರಿತ್ರೆಯೇ ಇಲ್ಲದ ಊರುಗಳೆಂಬ ಭಾವನೆ ಮಕ್ಕಳ ಮನಸ್ಸಿನಲ್ಲಿ ತಾನಾಗಿ ನೆಲೆಗೊಳ್ಳುತ್ತದೆ ಎಂಬುದನ್ನು ನಾನು ನನ್ನ ಅಧ್ಯಾಪನದ ದಿನಗಳಲ್ಲಿ ಅನೇಕ ಸಲ ಕಂಡಿದ್ದೇನೆ.

ಜರಗನಹಳ್ಳಿ ಈಗ ಹಳ್ಳಿಯಲ್ಲ. ಬನಶಂಕರಿಯಿಂದ ತೆಂಕಣಕ್ಕೆ ಸಾಗುವ ಕನಕಪುರ ರಸ್ತೆಯ ಮಗ್ಗುಲಲ್ಲಿ, ಸಾರಕ್ಕಿ, ಪುಟ್ಟೇನಹಳ್ಳಿ, ಎಲಚೇನಹಳ್ಳಿಗಳ ನಡುವೆ, ಮೇಲೆ ಮೆಟ್ರೋ ರೈಲಿನ ಕಂಬಸಾಲನ್ನೂ ಕೆಳಗೆ ವಾಹನಗಳ ಪ್ರವಾಹವನ್ನೂ ತಾಳಿಕೊಂಡಿರುವ ಒಂದು ನಗರಭಾಗ ಇದು. ಹೊರಗಿನವರಿಗೆ ಈ ಹೆಸರು ಪರಿಚಯವಾಗಿದ್ದರೆ ಒಂದೋ ಬಸ್ಸಿನ ನಿಲ್ದಾಣವಾಗಿ, ಇಲ್ಲವೆ ಊರ ಹೆಸರನ್ನು ತಮ್ಮ ಹೆಸರಿನ ಮುಂದೆ ಧರಿಸಿ ಹನಿಗವನಗಳಿಂದ ನಾಡಿಗೆಲ್ಲ ಬೇಕಾದವರಾದ ಜರಗನಹಳ್ಳಿ ಶಿವಶಂಕರ್ ಅವರ ಮೂಲಕ. ಇಂತಹ ಊರಿನಲ್ಲಿ ನಾಡಿನ ಚರಿತ್ರೆಯನ್ನು ಹೇಗೆ ಹುಡುಕಬೇಕು, ಹುಡುಕಿದುದನ್ನು ಮಕ್ಕಳಿಗೆ ಹೇಗೆ ಕಲಿಸಬೇಕು, ರಾಷ್ಟ್ರದ ಉತ್ಸವಕ್ಕೂ ಊರಿನ ನೆನಪಿಗೂ ಸಂಬಂಧವೇನು ಎಂಬ ವಿಚಾರವೇ ಈ ಪ್ರಬಂಧದ ವಸ್ತು.

ಮೊದಲು ತಿಥಿಯ ಮಾತು. ಉತ್ಸವವೆಂದಮೇಲೆ ಅದಕ್ಕೊಂದು ತಿಥಿ ಬೇಕಷ್ಟೆ. ಆದರೆ ರಾಷ್ಟ್ರದ ಪಂಚಾಂಗವೂ ನಾಡಿನ ಪಂಚಾಂಗವೂ ಎಲ್ಲ ಕಡೆಯೂ ಒಂದೇ ಎಂದು ತಿಳಿಯುವುದು ಸರಿಯಲ್ಲ. ಬ್ರಿಟಿಷ್ ಪ್ರಾಂತಗಳಿಗೆ 1947ರ ಆಗಸ್ಟ್ 15 ಏನಾಗಿತ್ತೋ ಮೈಸೂರು ಸಂಸ್ಥಾನಕ್ಕೆ ಅದು ಪೂರ್ತಿಯಾಗಿ ಅದೇ ಆಗಿರಲಿಲ್ಲ. ಮಹಾರಾಜ ಜಯಚಾಮರಾಜೇಂದ್ರ ಒಡೆಯರು ಭಾರತದೊಡನೆ ಸೇರ್ಪಡೆಯ ಪತ್ರಕ್ಕೆ ಆ ತಿಂಗಳ 9ರಂದೇ ರುಜು ಹಾಕಿದ್ದರು. ಆದರೆ ಆಡಳಿತವು ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಕೈಯಲ್ಲಿಯೇ ಉಳಿಯಿತು. ಜವಾಬ್ದಾರಿ ಸರ್ಕಾರ ಬೇಕೆಂದು ಮೈಸೂರು ಕಾಂಗ್ರೆಸ್ಸು ಸೆಪ್ಟೆಂಬರ್ 1ರಂದು ‘ಮೈಸೂರು ಚಲೋ’ ಚಳವಳಿಯನ್ನು ಹೂಡಿತು. ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟು ಬೀದಿಗಿಳಿದರು. ಸಂಸ್ಥಾನದೊಳಗೆ ಪತ್ರಿಕೆಗಳ ಬಾಯಿ ಕಟ್ಟಿದಾಗ ಎಚ್.ಎಸ್. ದೊರೆಸ್ವಾಮಿಯವರಂತಹವರು ಗಡಿಯಾಚೆಯ ಹಿಂದೂಪುರದಿಂದ ಪತ್ರಿಕೆಯನ್ನು ಅಚ್ಚುಹಾಕಿಸಿದರು. ಅಕ್ಟೋಬರ್ ತಿಂಗಳ ನಡುವೆ ಒಪ್ಪಂದವಾಗಿ, ಅದೇ ತಿಂಗಳ ಕೊನೆಯ ವಾರದಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಮೇಲೆಯೇ ಬೆಂಗಳೂರಿನ ಸುತ್ತಣ ಈ ಹಳ್ಳಿಗಳ ಪ್ರಜೆ ತನ್ನ ಸರ್ಕಾರವನ್ನು ಕಂಡದ್ದು. ಬೀದರ, ಕಲಬುರಗಿ, ರಾಯಚೂರುಗಳ ಕನ್ನಡಿಗರು ನಿಜಾಮನ ಆಳಿಕೆಯಿಂದ ಬಿಡುಗಡೆ ಹೊಂದಲು ಇನ್ನೂ ಹನ್ನೊಂದು ತಿಂಗಳು, 1948ರ ಸೆಪ್ಟೆಂಬರ್ 17ರವರೆಗೆ, ಕಾಯಬೇಕಾಯಿತು. ಆ ಕನ್ನಡಿಗರೂ ನಾವೂ ಒಂದೇ ರಾಜ್ಯದವರಾದದ್ದು 1956ರ ನವೆಂಬರ್ 1ರಂದು. ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು ಮತ್ತೆ ಹದಿನೇಳು ವರ್ಷಗಳ ತರುವಾಯ, 1973ರಲ್ಲಿ. ರಾಷ್ಟ್ರವು ಒಂದು ದಿನವನ್ನು ಆಚರಿಸುವಾಗ ನಾಡು ತನ್ನ ಜೋಳಿಗೆಯಲ್ಲಿ ಇಷ್ಟೊಂದು ದಿನಗಳನ್ನು ಇಟ್ಟುಕೊಂಡು ಕುಳಿತಿದೆ. ಮಕ್ಕಳಿಗೆ ಕಲಿಸಬೇಕಾದ ಮೊದಲನೆಯ ಪಾಠ ಇದೇ ಎಂದು ನನಗೆ ತೋರುತ್ತದೆ.

ಉತ್ಸವಗಳಿಂದ ಚರಿತ್ರೆಗೆ ಉಪಕಾರವಾಗಿಲ್ಲವೆಂದು ಹೇಳಿದರೆ ಕೃತಘ್ನತೆಯಾದೀತು. ಕನ್ನಡನಾಡಿನ ಮಟ್ಟಿಗಂತೂ ಚರಿತ್ರೆಯ ವ್ಯಾಸಂಗವು ಎಷ್ಟೋ ಸಲ ಉತ್ಸವದ ಕೈಹಿಡಿದುಕೊಂಡೇ ಮುಂದೆ ಸಾಗಿದೆ. 1905ರಲ್ಲಿ ಹಂಪೆಯ ಪಾಳನ್ನು ಕಂಡು ಮನಕರಗಿದ ಆಲೂರು ವೆಂಕಟರಾಯರು, ವರ್ಷಗಟ್ಟಲೆ ಆಧಾರಗಳನ್ನು ಕಲೆಹಾಕಿ 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದರು, ಅಷ್ಟರಲ್ಲಿ ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಲವೂ ತಲೆಯೆತ್ತಿತ್ತು. ಆ ಪೀಳಿಗೆಯ ಉತ್ಸಾಹವೇ 1936ರ ಡಿಸೆಂಬರಿನಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವವಾಗಿ ಹಂಪೆಯಲ್ಲಿ ನೆರೆಯಿತು. ಆ ಉತ್ಸವದ ತೋರಣಗಳು ಒಣಗಿ ಎಷ್ಟೋ ಕಾಲವಾಯಿತು. ಭಾಷಣಗಳು ಬಯಲಿನಲ್ಲಿ ಕರಗಿದುವು. ಉಳಿದದ್ದು ಆ ಸಂದರ್ಭಕ್ಕಾಗಿ ಧಾರವಾಡದಿಂದ ಹೊರಬಂದ ಸ್ಮಾರಕಸಂಪುಟ. ಸಾಮ್ರಾಜ್ಯದ ಸ್ಥಾಪಕರ ಮೂಲ ಯಾವುದು, ವಿದ್ಯಾರಣ್ಯರ ಪಾತ್ರವೆಷ್ಟು, 1336 ಎಂಬ ವರ್ಷವನ್ನು ಯಾವ ಆಧಾರದ ಮೇಲೆ ನಂಬಬೇಕು ಎಂದು ವಿದ್ವಾಂಸರು ಖಂಡನ ಮಂಡನಗಳಲ್ಲಿ ತೊಡಗಿದ್ದ ಕಾಲ ಅದು. ಫಾದರ್ ಹೆರಾಸ್, ಎನ್. ವೆಂಕಟರಮಣಯ್ಯ, ಭಾಸ್ಕರಾನಂದ ಸಾಲೆತೊರೆ ಇವರೆಲ್ಲರೂ ಒಂದೊಂದು ಪಕ್ಷವನ್ನು ಹಿಡಿದವರೇ. ತಿಥಿಯ ವಿಷಯದಲ್ಲಿಯೇ ಜಿಜ್ಞಾಸೆ ನಡೆದಿರುವಾಗ ಆ ತಿಥಿಯನ್ನು ಆಚರಿಸುವ ಧೈರ್ಯವೂ, ಆಚರಿಸುತ್ತಿರುವಾಗಲೂ ಜಿಜ್ಞಾಸೆಯನ್ನು ಬಿಡದ ಪ್ರಾಮಾಣಿಕತೆಯೂ ಆ ತಲೆಮಾರಿನವರಿಗೆ ಒಟ್ಟಿಗೇ ಇದ್ದುವು.

ಸ್ವಾತಂತ್ರ್ಯ ಬಂದ ತರುವಾಯ ಉತ್ಸವದ ಯಜಮಾನಿಕೆ ಸಂಘಸಂಸ್ಥೆಗಳಿಂದ ಸರ್ಕಾರಕ್ಕೆ ಬಂದಿತು. 1857ರ ಬಂಡಾಯಕ್ಕೆ ನೂರು ತುಂಬಿದ 1957ನೆಯ ವರ್ಷಕ್ಕೆಂದು ಕೇಂದ್ರ ಸರ್ಕಾರವು ಸುರೇಂದ್ರನಾಥ ಸೇನರಿಂದ ಗ್ರಂಥವನ್ನು ಬರೆಯಿಸಿತು. ಅದೇ ವರ್ಷ ರಮೇಶಚಂದ್ರ ಮಜುಮ್ದಾರರು ತಮ್ಮ ಭಿನ್ನಾಭಿಪ್ರಾಯವನ್ನು ಬೇರೊಂದು ಪುಸ್ತಕವಾಗಿ ಹೊರತಂದರು. ರಾಜ್ಯಗಳು ತಂತಮ್ಮ ಸ್ವಾತಂತ್ರ್ಯ ಚಳವಳಿಯ ಸಾಮಗ್ರಿಯನ್ನು ಸಂಗ್ರಹಿಸಬೇಕೆಂಬ ಪ್ರೇರಣೆ ಹೊರಟದ್ದೂ ಆ ದಶಕದಲ್ಲಿಯೇ. ನಮ್ಮಲ್ಲಿ ಅದರ ಫಲವಾಗಿ ಎಂ.ವಿ. ಕೃಷ್ಣರಾವ್ ಮತ್ತು ಜಿ.ಎಸ್. ಹಾಲಪ್ಪ ಇವರ ಸಂಪುಟಗಳು 1960ರ ದಶಕದ ಮೊದಲ ಅರ್ಧದಲ್ಲಿ ಪ್ರಕಟವಾದುವು. ಕಿತ್ತೂರು, ನರಗುಂದ, ಸುರಪುರ, ಹಲಗಲಿಗಳ ಕಥೆ ಲಾವಣಿಕಾರರ ಕಂಠದಿಂದ ಪಾಠಪುಸ್ತಕಕ್ಕೆ ಇಳಿಯಲು ಇಂತಹ ಸಂಪುಟಗಳೇ ಸೋಪಾನಗಳಾದುವು. ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು: ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಹಲಗಲಿಯ ಬೇಡರ ಲಾವಣಿಯನ್ನೂ ಬರವಣಿಗೆಯಲ್ಲಿ ಹಿಡಿದು ಮೊದಲು ಪ್ರಕಟಿಸಿದವನು ಯಾವ ದೇಶಭಕ್ತನೂ ಅಲ್ಲ, ಯಾವ ಸರ್ಕಾರವು ರಾಯಣ್ಣನನ್ನು 1831ರಲ್ಲಿ ನೇಣಿಗೆ ಹಾಕಿತೋ ಆ ಸರ್ಕಾರದ ಪರಂಪರೆಯ ಅಧಿಕಾರಿಯೇ ಆದ ಜೆ.ಎಫ್. ಫ್ಲೀಟ್. 1885ರಿಂದೀಚೆಗೆ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅವನು ಅಚ್ಚುಮಾಡಿಸಿದ ಆ ಪದಗಳಿಂದಲೇ ಮುಂದಿನ ಪೀಳಿಗೆಗಳು ತಮ್ಮ ವೀರರನ್ನು ಎತ್ತಿಕೊಂಡುವು. ಚರಿತ್ರೆಯ ಸಾಮಗ್ರಿ ಯಾರ ಪೆಟ್ಟಿಗೆಯಲ್ಲಿ ಸಿಕ್ಕೀತೆಂದು ಮುಂದಾಗಿ ಹೇಳಲಾಗದು.

1972ರಲ್ಲಿ ಸ್ವಾತಂತ್ರ್ಯದ ರಜತೋತ್ಸವ ಬಂದಿತು. ಹೋರಾಟಗಾರರಿಗೆ ತಾಮ್ರಪತ್ರಗಳು ದೊರೆತುವು. ಆಗಸ್ಟ್ 15ರಿಂದ ಕೇಂದ್ರ ಸರ್ಕಾರದ ಪಿಂಚಣಿಯೂ ಆರಂಭವಾಯಿತು. ಇದು ಋಣ ತೀರಿಸುವ ಕಾರ್ಯವಾಗಿದ್ದುದರಿಂದ ಯಾರೂ ಆಕ್ಷೇಪಿಸುವಂತಿರಲಿಲ್ಲ; ಆದರೆ ಪಿಂಚಣಿಗೆ ಪ್ರಮಾಣ ಬೇಕಾಯಿತು. ಆರು ತಿಂಗಳ ಸೆರೆವಾಸ ಎಂಬುದು ಮುಖ್ಯವಾದ ಅಳತೆಗೋಲಾಯಿತು. ಅದಕ್ಕೆ ಜೈಲಿನ ದಾಖಲೆ, ಅದು ಸಿಕ್ಕದಿದ್ದರೆ ಜೊತೆಯಲ್ಲಿದ್ದ ಕೈದಿಯ ಪ್ರಮಾಣಪತ್ರ. ಹೀಗೆ ತ್ಯಾಗವು ತಿಂಗಳುಗಳ ಲೆಕ್ಕಕ್ಕೆ ಒಳಪಟ್ಟಾಗ ಆದದ್ದೇನೆಂಬುದನ್ನು ಮೈಸೂರು ಸಂಸ್ಥಾನದ ದೃಷ್ಟಿಯಿಂದ ನೋಡಬೇಕು. ಮೈಸೂರು ಚಲೋ ಚಳವಳಿ ಸೆಪ್ಟೆಂಬರ್ ಮೊದಲ ತಾರೀಖಿನಿಂದ ಅಕ್ಟೋಬರ್ ನಡುವಣವರೆಗೆ, ಆರು ವಾರಗಳಲ್ಲಿ, ಜಯವನ್ನು ಕಂಡು ಮುಗಿಯಿತು. ಅದೊಂದರಲ್ಲಿಯೇ ಸೆರೆ ಸೇರಿದವನಿಗೆ ಆರು ತಿಂಗಳು ಒದಗುವುದಾದರೂ ಎಂತು? ಬೇಗನೆ ಗೆದ್ದುದೇ ಅವನ ಪಾಲಿಗೆ ಕೊರತೆಯಾಗಬೇಕೆ? ರಾಜ್ಯ ಸರ್ಕಾರದ ಬೇರೆ ನಿಯಮಗಳೂ ಇದ್ದುವೆನ್ನಿ. ಆದರೂ ಒಟ್ಟಿನಲ್ಲಿ, ಸೆರೆಮನೆಯ ರಿಜಿಸ್ಟರಿನಲ್ಲಿ ಹೆಸರು ಬಂದವರು ಚರಿತ್ರೆಯಲ್ಲಿ ಉಳಿದರು. ಅವರಿಗೆ ರಾತ್ರಿಯ ಹೊತ್ತು ಊಟವಿಕ್ಕಿದವರು, ಅಟ್ಟದ ಮೇಲೆ ಅಡಗಿಸಿಟ್ಟವರು, ಕರಪತ್ರಗಳನ್ನು ಸೊಪ್ಪಿನ ಹೊರೆಯಲ್ಲಿಟ್ಟು ಸಾಗಿಸಿದವರು ಯಾವ ಪುಸ್ತಕಕ್ಕೂ ಏರಲಿಲ್ಲ. ನಗರದ ಅಂಚಿನ ಹಳ್ಳಿಗಳ ಪಾಲು ಇದ್ದರೆ ಅದು ಬಹುಮಟ್ಟಿಗೆ ಈ ಎರಡನೆಯ ಬಗೆಯದು. ಐದು ಗೆರೆಗಳ ಹಾಳೆಗೆ ಅದು ಸಿಕ್ಕುವುದಿಲ್ಲ. ಇಂತಹ ನೆನಪುಗಳನ್ನು ಬದುಕಿದ್ದವರ ಬಾಯಿಂದಲೇ ಕೇಳಿ ಸಂಗ್ರಹಿಸಬೇಕೆಂಬ ಎಚ್ಚರ ತೋರಿದವರಲ್ಲಿ ಸೂರ್ಯನಾಥ ಕಾಮತರು ಮುಖ್ಯರು. ಅವರು ಸಂಪಾದಿಸಿದ ‘ಸ್ವಾತಂತ್ರ್ಯ ಸಂಗ್ರಾಮದ ಸ್ಮೃತಿಗಳು’ ಇಲ್ಲದೆ ಹೋಗಿದ್ದರೆ ಸಾಮಾನ್ಯರ ಎಷ್ಟೋ ಮಾತು ಅವರ ಚಿತೆಯೊಡನೆಯೇ ಬೂದಿಯಾಗುತ್ತಿತ್ತು.

ಎರಡು ಸಾಕ್ಷ್ಯಗಳು ಒಂದನ್ನೊಂದು ಒಪ್ಪದಿದ್ದಾಗ ಮೇಷ್ಟರಾದವನು ಏನು ಮಾಡಬೇಕು? ನನ್ನ ತರಗತಿಯಲ್ಲಿ ಇದಕ್ಕೆ ನಾನು ಯಾವಾಗಲೂ ವಿದುರಾಶ್ವತ್ಥದ ಉದಾಹರಣೆಯನ್ನು ಎತ್ತಿಕೊಳ್ಳುತ್ತಿದ್ದೆ. ಗೌರಿಬಿದನೂರಿಗೆ ಸಮೀಪದ ಆ ಕ್ಷೇತ್ರದಲ್ಲಿ, 1938ರ ಏಪ್ರಿಲ್ 25ರಂದು, ಧ್ವಜಸತ್ಯಾಗ್ರಹಕ್ಕಾಗಿ ನೆರೆದ ಜನರ ಮೇಲೆ ಸಂಸ್ಥಾನದ ಪೋಲೀಸರು ಗುಂಡು ಹಾರಿಸಿದರು. ಸತ್ತವರು ಎಷ್ಟು ಮಂದಿ? ಸರ್ಕಾರ ಹತ್ತು ಎಂದಿತು. ಜನರು ಮೂವತ್ತಕ್ಕೆ ಮೇಲೆ ಎಂದರು. ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯೂ ಕುಳಿತಿತು. ಎರಡು ಸಂಖ್ಯೆಗಳನ್ನೂ ಕರಿಹಲಗೆಯ ಮೇಲೆ ಬರೆದು, ಯಾವುದು ನಿಜವೆಂದು ಕೇಳುವ ಬದಲು, ಸರ್ಕಾರಕ್ಕೆ ಕಡಮೆ ಎಣಿಸುವುದರಲ್ಲಿ ಏನು ಲಾಭವಿತ್ತು, ಜನರಿಗೆ ಎಣಿಸಲು ಯಾವ ಸಾಧನವಿತ್ತು, ಸತ್ತವನ ಮನೆಯವರು ಪೋಲೀಸರಿಗೆ ಅಂಜಿ ಹೆಣವನ್ನು ಗುಟ್ಟಾಗಿ ಸಾಗಿಸಿದ್ದರೆ ಲೆಕ್ಕ ಏನಾದೀತು ಎಂದು ಕೇಳಿದರೆ, ಪಾಠವು ಕಂಠಪಾಠದ ಮಟ್ಟದಿಂದ ವಿಚಾರದ ಮಟ್ಟಕ್ಕೆ ಏರುತ್ತದೆ. ವರ್ಷವನ್ನು ಮರೆತ ವಿದ್ಯಾರ್ಥಿಯೂ ಆ ಎರಡು ಸಂಖ್ಯೆಗಳನ್ನು ಮರೆಯುತ್ತಿರಲಿಲ್ಲ.

ಇನ್ನು ಅಮೃತಮಹೋತ್ಸವದ ಕಡೆಗೆ ಬರೋಣ. 2021ರ ಮಾರ್ಚ್ 12ರಂದು ಸಾಬರಮತಿಯಲ್ಲಿ ಆರಂಭವಾಗಿ 2023ರ ಆಗಸ್ಟಿನವರೆಗೆ ನಡೆದ ಈ ಉತ್ಸವದ ಅಂಗವಾಗಿ ಜಿಲ್ಲೆಜಿಲ್ಲೆಗಳ ವ್ಯಕ್ತಿಗಳ, ಸ್ಥಳಗಳ, ಘಟನೆಗಳ ವೃತ್ತಾಂತಗಳನ್ನು ಗಣಕದಲ್ಲಿ ಕೂಡಿಡುವ ಯೋಜನೆ ನಡೆಯಿತು. ನಮ್ಮ ರಾಜ್ಯದಲ್ಲಿ ‘ಅಮೃತ ಭಾರತಿಗೆ ಕನ್ನಡದಾರತಿ’ ಎಂಬ ಹೆಸರಿನಿಂದ ಚಳವಳಿಯ ನೆನಪುಳ್ಳ ಎಪ್ಪತ್ತೈದು ಸ್ಥಳಗಳಲ್ಲಿ ಕಾರ್ಯಕ್ರಮಗಳು ಜರುಗಿದುವು. ಮನೆಮನೆಯ ಮೇಲೂ ಬಾವುಟ ಹಾರಿತು. ಆದರೆ ಕಾಲನ ಕ್ರೌರ್ಯವನ್ನು ನೋಡಿ: ಉತ್ಸವ ಆರಂಭವಾಗಿ ಎಪ್ಪತ್ತೈದು ದಿನಗಳಾದಾಗ, 2021ರ ಮೇ 26ರಂದು, 103 ವರ್ಷಗಳ ದೊರೆಸ್ವಾಮಿಯವರು ಇಲ್ಲಿಂದ ಬಹುದೂರವಲ್ಲದ ಜಯದೇವ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದರು. 1942ರಲ್ಲಿ ಸೆರೆ ಕಂಡು, 1947ರಲ್ಲಿ ಹಿಂದೂಪುರದಿಂದ ಪತ್ರಿಕೆ ನಡೆಸಿ, ಅಷ್ಟಕ್ಕೇ ತೃಪ್ತರಾಗದೆ ತುರ್ತುಪರಿಸ್ಥಿತಿಯಲ್ಲಿಯೂ ಸೆರೆಮನೆಗೆ ನಡೆದವರು ಅವರು. ಅವರು ಹೋದುದು ಒಂದು ಪತ್ರಾಗಾರವೇ ಮುಚ್ಚಿದಂತಾಯಿತು. ಬದುಕಿರುವ ಸಾಕ್ಷಿಗಳ ಕಾಲ ಹೀಗೆ ಮುಗಿಯುತ್ತ ಬಂದಿರಲು, ಮರುವರ್ಷ 2022ರಲ್ಲಿ ನಾಡಿನ ಉದ್ದಗಲಕ್ಕೂ ಪಠ್ಯಪುಸ್ತಕದ ಪರಿಷ್ಕರಣೆಯ ಕುರಿತು ಕೋಲಾಹಲವೆದ್ದಿತು. ಯಾರ ಪಾಠವಿರಬೇಕು, ಯಾರದನ್ನು ತೆಗೆಯಬೇಕು ಎಂಬ ವಾದದಲ್ಲಿ ಎಲ್ಲರೂ ಮುಳುಗಿದ್ದರು. ಪಾಠವನ್ನು ಹೇಗೆ ಹುಡುಕಬೇಕೆಂದು ಮಕ್ಕಳಿಗೆ ಕಲಿಸುವ ಮಾತನ್ನು ಆಡಿದವರು ವಿರಳ.

ಹುಡುಕುವ ವಿದ್ಯೆಯನ್ನು ನಮ್ಮ ನಾಡಿಗೆ ಕಲಿಸಿದವನು ಒಬ್ಬ ಶಾಲಾ ಅಧಿಕಾರಿಯೇ ಎಂಬುದನ್ನು ಇಲ್ಲಿ ನೆನೆಯಬೇಕು. 1837ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿದ ಬಿ.ಎಲ್. ರೈಸ್, ಅಧ್ಯಾಪಕನಾಗಿದ್ದು ಮುಂದೆ ಶಾಲೆಗಳ ಇನ್‌ಸ್ಪೆಕ್ಟರನಾಗಿ ಕುದುರೆಯ ಮೇಲೆ ಹಳ್ಳಿಗಳನ್ನು ಸುತ್ತುತ್ತಿದ್ದಾಗ, ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿದ್ದ ಬರೆಹದ ಕಲ್ಲುಗಳು ಅವನ ಕಣ್ಣಿಗೆ ಬಿದ್ದುವು. ಆ ಕುತೂಹಲದಿಂದ ಮೊಳೆತದ್ದೇ 1886ರಿಂದ 1905ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹರಡಿ, ಎಂಟು ಸಾವಿರದ ಎಂಟುನೂರಕ್ಕೂ ಮೀರಿದ ಶಾಸನಗಳನ್ನೊಳಗೊಂಡ ‘ಎಪಿಗ್ರಾಫಿಯಾ ಕರ್ನಾಟಿಕಾ’. ಬೆಂಗಳೂರು ಜಿಲ್ಲೆಯದು ಅದರ ಒಂಬತ್ತನೆಯ ಸಂಪುಟ. ರೈಸನ ಸ್ಥಾನಕ್ಕೆ ಬಂದ ಆರ್. ನರಸಿಂಹಾಚಾರ್ಯರ ಕಾಲದಲ್ಲಿ ಬೇಗೂರಿನಿಂದ ಬೆಳಕಿಗೆ ಬಂದ ಶಾಸನವೊಂದು, ಸುಮಾರು ಕ್ರಿ.ಶ. 900ರ ಹೊತ್ತಿಗೆ ನಡೆದ ‘ಬೆಂಗಳೂರ ಕಾಳಗ’ವನ್ನು ಹೆಸರಿಸುತ್ತದೆ, ನಾಗತ್ತರನೆಂಬ ಅಧಿಕಾರಿಯ ಕಡೆಯವರು ಆ ಕಾಳಗದಲ್ಲಿ ಮಡಿದರೆಂದು ಹೇಳುತ್ತದೆ. ಕಾದಿದವರು ಯಾರ ಮೇಲೆ, ಯಾವ ಕಾರಣಕ್ಕೆ ಎಂಬ ಮಾತು ಕಲ್ಲಿನ ಮೇಲಿಲ್ಲ.

ಜರಗನಹಳ್ಳಿಯಿಂದ ಮೂಡಲಿಗೆ ಕೆಲವೇ ಹರದಾರಿಗಳ ದೂರದಲ್ಲಿರುವ ಆ ಬೇಗೂರಿನದೇ ಮತ್ತೊಂದು ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿದೆ. ವೀರಮಹೇಂದ್ರನೆಂಬವನ ಮೇಲೆ ತುಂಬೆಪಾಡಿಯಲ್ಲಿ ನಡೆದ ಕಾಳಗದಲ್ಲಿ ನಾಗತ್ತರನು ಬಿದ್ದ ಸಂಗತಿ ಅದರ ವಿಷಯ. ಆನೆ, ಕುದುರೆ, ಆಳುಗಳು ಒಬ್ಬರ ಮೇಲೊಬ್ಬರು ಏರಿಬಂದಂತೆ ಕಲ್ಲಿನ ಮೈಯೆಲ್ಲ ಕಿಕ್ಕಿರಿದಿದ್ದಾರೆ. ನೋಡಬಂದವರ ಕಣ್ಣು ಆ ಸಂಮರ್ದದಲ್ಲಿಯೇ ನಟ್ಟುಬಿಡುವುದು ಸಹಜ. ಆದರೆ ಬರೆಹದ ಭಾಗಕ್ಕೆ ಬಂದರೆ ಕಥೆ ಬೇರೆ. ಗಂಗರಾಜ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡು ಎಂಬ ಹಳ್ಳಿಗಳನ್ನು ಕೊಟ್ಟನೆಂದು ಹೇಳಿ, ಆ ಹಳ್ಳಿಗಳ ಹೆಸರುಗಳನ್ನು ಅದು ಒಂದೊಂದಾಗಿ ಎಣಿಸುತ್ತದೆ. ವೀರನ ಸಾವಿಗೆ ಒಂದೆರಡು ಮಾತು. ನೆಲದ ವಿವರಕ್ಕೆ ಒಂದು ಪಟ್ಟಿ! ಸಾವಿರ ವರ್ಷದ ಹಿಂದಿನ ಆ ಸ್ಮಾರಕವು ವೀರನನ್ನು ಅವನ ಊರುಗಳಿಂದ ಬಿಡಿಸಿ ನೋಡಲಿಲ್ಲ. 2023ರಲ್ಲಿ ನನ್ನ ಮಣ್ಣು ನನ್ನ ದೇಶ ಎಂದು ಹಳ್ಳಿಹಳ್ಳಿಯಲ್ಲಿ ಶಿಲಾಫಲಕಗಳನ್ನು ನೆಟ್ಟರಷ್ಟೆ. ಆ ಹೊಸ ಕಲ್ಲುಗಳೂ ಒಂದು ಬಗೆಯ ವೀರಗಲ್ಲುಗಳೇ. ಊರಿನ ಪಟ್ಟಿಯೂ ಅವುಗಳ ಮೇಲಿದ್ದಿದ್ದರೆ ಹಳೆಯ ಶಿಲ್ಪಿ ಮೆಚ್ಚುತ್ತಿದ್ದನೋ ಏನೋ.

ಕಲ್ಲು ಸಿಕ್ಕದ ಊರಿನಲ್ಲಿ ಏನು ಮಾಡುವುದು? ಕಾಗದವನ್ನು ನೋಡುವುದು. ಅದಕ್ಕೆ ವಿಧಾನಸೌಧದ ರಾಜ್ಯ ಪತ್ರಾಗಾರಕ್ಕೇ ಹೋಗಬೇಕೆಂದಿಲ್ಲ. ಜರಗನಹಳ್ಳಿಯಲ್ಲಿ ಸ್ವಂತ ಮನೆಯುಳ್ಳವರೆಲ್ಲರ ಬೀರುವಿನಲ್ಲಿಯೂ, ಸೀರೆಗಳ ಕೆಳಗೆ, ಪ್ಲಾಸ್ಟಿಕ್ ಚೀಲದೊಳಗೆ, ಒಂದು ಪುಟ್ಟ ಪತ್ರಾಗಾರವೇ ಇದೆ. ಕ್ರಯಪತ್ರದ ಷೆಡ್ಯೂಲನ್ನು ತೆಗೆದು ಓದಿ: ಬೆಂಗಳೂರು ದಕ್ಷಿಣ ತಾಲ್ಲೂಕು, ಉತ್ತರಹಳ್ಳಿ ಹೋಬಳಿ, ಜರಗನಹಳ್ಳಿ ಗ್ರಾಮದ ಇಂತಹ ಸರ್ವೆ ನಂಬರಿನ ಜಮೀನಿನ ಪೈಕಿ ಇಂತಿಷ್ಟು ಅಡಿಗಳ ನಿವೇಶನ, ಇದಕ್ಕೆ ಚಕ್ಕುಬಂದಿ, ಎಂದರೆ ನಾಲ್ಕು ದಿಕ್ಕಿನ ಎಲ್ಲೆ. ಗ್ರಾಮ ಹೋಗಿ ವಾರ್ಡು ಬಂದರೂ, ವಾರ್ಡಿಗೆ ಅಂಕಿ ಬದಲಾದರೂ, ಷೆಡ್ಯೂಲಿನಲ್ಲಿ ಹಳ್ಳಿ ಹಳ್ಳಿಯಾಗಿಯೇ ಉಳಿದಿದೆ. ನಿವೇಶನದ ಹಿಂದಿನ ಪತ್ರಗಳನ್ನು ಒಂದೊಂದಾಗಿ ಮಗುಚುತ್ತ ಹೋದರೆ ಪಹಣಿ, ಕಂದಾಯದ ರಸೀತಿ, ಖುಷ್ಕಿ, ತರಿ, ಬಾಗಾಯ್ತು, ಖರಾಬು ಎಂಬ ಮಾತುಗಳು ಎದುರಾಗುತ್ತವೆ. ರಾಗಿ ಬೆಳೆದದ್ದು ಎಲ್ಲಿ, ಕೆರೆಯ ನೀರು ಹಾಯ್ದದ್ದು ಎಲ್ಲಿಯವರೆಗೆ, ದನ ಮೇಯುತ್ತಿದ್ದ ಬಯಲು ಯಾವುದು ಎಂಬುದೆಲ್ಲ ಆ ಮಾತುಗಳಲ್ಲಿ ಅಡಗಿದೆ. ಎರೆಯಪ್ಪನ ಕಾಲದ ಶಾಸನಕಾರನು ದಾನದ ಭೂಮಿಗೆ ನಾಲ್ಕು ದಿಕ್ಕಿನ ಸೀಮೆಯನ್ನು ಹೇಳುತ್ತ ಮರ, ಕೆರೆ, ಗುಂಡುಕಲ್ಲುಗಳನ್ನು ಗುರುತಾಗಿ ಇಟ್ಟ ಪದ್ಧತಿಗೂ, ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಕುಳಿತ ಪತ್ರಬರಹಗಾರನು ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಕಾಲುವೆ ಎಂದು ಬರೆಯುವುದಕ್ಕೂ ನಡುವೆ ಸಾವಿರದ ನೂರು ವರ್ಷಗಳಿವೆ. ಪದ್ಧತಿ ಮಾತ್ರ ಒಂದೇ.

ಈ ಕಾಗದಗಳಲ್ಲಿ ಸ್ವಾತಂತ್ರ್ಯದ ತಿಥಿಗಳೂ ಇವೆ. ಆದರೆ ಅವು ಬಾವುಟದ ತಿಥಿಗಳಲ್ಲ. ಪರಂಪರೆಯ ಪಟೇಲ, ಶ್ಯಾನುಭೋಗರ ಹುದ್ದೆಗಳನ್ನು ತೆಗೆದುಹಾಕಿದ 1961ರ ಕಾಯಿದೆ ಅವುಗಳಲ್ಲೊಂದು. ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ 1974ರ ಮಾರ್ಚ್ 1 ಮತ್ತೊಂದು. ಗೇಣಿಗೆ ಉಳುತ್ತಿದ್ದವನು ಏಳನೆಯ ನಮೂನೆಯ ಅರ್ಜಿಯನ್ನು ತುಂಬಿ ಕೊಟ್ಟು, ತಾನು ಉತ್ತ ಹೊಲ ತನ್ನದೆಂದು ಭೂನ್ಯಾಯಮಂಡಳಿಯ ಮುಂದೆ ನಿಂತದ್ದು ಆ ತರುವಾಯ. ಅಂತಹ ಒಬ್ಬ ರೈತನ ಮನೆಯಲ್ಲಿ ಸ್ವಾತಂತ್ರ್ಯ ಯಾವಾಗ ಬಂದಿತೆಂದು ಕೇಳಿದರೆ ಅವನ ಮೊಮ್ಮಗಳು ಯಾವ ವರ್ಷವನ್ನು ಹೇಳಬೇಕು? ಹಳೆಯ ಕಾಗದಕ್ಕೆ ಇಂದಿಗೂ ಬಲವುಂಟೆಂಬುದಕ್ಕೆ ನಮ್ಮ ನೆರೆಯ ಸಾರಕ್ಕಿ ಕೆರೆಯೇ ನಿದರ್ಶನ. 82 ಎಕರೆಗಳಷ್ಟು ವಿಸ್ತಾರದ ಆ ಕೆರೆಯ ಒತ್ತುವರಿಯನ್ನು 2015ರ ಏಪ್ರಿಲಿನಲ್ಲಿ ತೆರವು ಮಾಡಿದಾಗ, ಕೆರೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಹೇಳಿದ್ದು ಕಣ್ಣಿಗೆ ಕಾಣುವ ನೀರಲ್ಲ, ಕಂದಾಯ ಇಲಾಖೆಯ ದಾಖಲೆ.

ರಸ್ತೆಗೂ ಇದೇ ಮಾತು. 1791ರ ಮೇ ತಿಂಗಳಲ್ಲಿ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಟ ಕಾರ್ನ್‌ವಾಲಿಸನ ಸೈನ್ಯವು ನೇರವಾದ ದಾರಿಯನ್ನು ಬಿಟ್ಟು, ಆಗ ಕನಕಾನಹಳ್ಳಿಯೆನಿಸಿಕೊಂಡಿದ್ದ ಈಗಿನ ಕನಕಪುರದ ಮಾರ್ಗವಾಗಿ ನಡೆಯಿತು. ಟಿಪ್ಪುವಿನ ಕಡೆಯವರು ಮುಂದಾಗಿ ಮೇವನ್ನೂ ಧಾನ್ಯವನ್ನೂ ನಾಶಮಾಡಿದ್ದರಿಂದ ಎತ್ತುಗಳು ಸತ್ತು, ಫಿರಂಗಿಗಳನ್ನು ತಾನೇ ಒಡೆದುಹಾಕಿ ಅದು ಹಿಂದಿರುಗಬೇಕಾಯಿತು. ಪಾಠಪುಸ್ತಕದಲ್ಲಿ ಇದು ಮೂರನೆಯ ಮೈಸೂರು ಯುದ್ಧದ ಒಂದು ವಾಕ್ಯ. ಸೈನ್ಯದ ದಾರಿಯಲ್ಲಿ ಮೇವನ್ನು ಕಳೆದುಕೊಂಡ ಹಳ್ಳಿಗಳಿಗೆ ಅದು ಒಂದು ವರ್ಷದ ಹಸಿವು. ಇತ್ತ ಬಂದರೆ, 1948ರಲ್ಲಿ ರಾಜಾಜಿಯವರಿಂದ ಉದ್ಘಾಟನೆಯಾದ ಜಯನಗರದ ಅಶೋಕಸ್ತಂಭ. 1942ರ ದೀಪಾವಳಿಯ ರಾತ್ರಿ ಹಜಾರಿಬಾಗಿನ ಸೆರೆಮನೆಯ ಗೋಡೆಯನ್ನು ಹಾರಿದ ಜಯಪ್ರಕಾಶ ನಾರಾಯಣರ ಹೆಸರಿನ ಬಡಾವಣೆ. ಜೆ.ಪಿ. ನಗರ ಎಂಬುದರ ಮೊದಲ ಎರಡು ಅಕ್ಷರಗಳನ್ನು ಬಿಡಿಸಿ ಹೇಳಬಲ್ಲ ಮಕ್ಕಳು ತರಗತಿಗೆ ಇಬ್ಬರೋ ಮೂವರೋ. ವಿಳಾಸವಾಗಿ ಬರೆದು ಬರೆದು ಹೆಸರು ಸವೆದುಹೋಗಿದೆ.

ಇಷ್ಟನ್ನೆಲ್ಲ ಆ ಸಂಜೆ ನಾನು ಆ ಹುಡುಗಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಓಡಿಹೋಗುತ್ತಿದ್ದಳು. ಮನೆಯ ಪತ್ರವನ್ನು ಅಮ್ಮನನ್ನು ಕೇಳಿ ನೋಡು, ಅದರಲ್ಲಿ ನಾಲ್ಕು ದಿಕ್ಕಿಗೆ ಏನೇನಿದೆಯೆಂದು ಬರೆದುಕೊಂಡು ಬಾ ಎಂದಷ್ಟೇ ಹೇಳಿ ಕಳುಹಿಸಿದೆ. ನಿರಾಶೆಯಿಂದ ಹೋದಳು. ಮೂರನೆಯ ದಿನ ಮತ್ತೆ ಬಂದಳು. ಹಾಳೆಯ ಐದು ಗೆರೆಗಳೂ ಖಾಲಿಯಾಗಿಯೇ ಇದ್ದುವು. ಅದರ ಬೆನ್ನಿಗೆ ಮಾತ್ರ ಪೆನ್ಸಿಲಿನಿಂದ ಒಂದು ಚೌಕವನ್ನು ಬರೆದು, ಪೂರ್ವಕ್ಕೆ ರಸ್ತೆ, ಉತ್ತರಕ್ಕೂ ದಕ್ಷಿಣಕ್ಕೂ ನಿವೇಶನಗಳು, ಪಶ್ಚಿಮಕ್ಕೆ ಕೆರೆಯ ಕಾಲುವೆ ಎಂದು ಗುರುತುಮಾಡಿದ್ದಳು. ಪಶ್ಚಿಮದ ಗೆರೆಯ ಮೇಲೆ ಪೆನ್ಸಿಲನ್ನು ಎರಡು ಮೂರು ಸಲ ಒತ್ತಿ ತಿದ್ದಿದ್ದಳು.

“ನಮ್ಮನೆ ಹಿಂದೆ ಕಾಲುವೆ ಎಲ್ಲಿದೆ ತಾತ? ಬರೀ ಮೋರಿ, ಅದ್ರ ಮೇಲೆ ಚಪ್ಪಡಿ. ನೀರು ಆ ಕಡೆಯಿಂದ ಬರ್ತಿತ್ತಾ, ಈ ಕಡೆಯಿಂದಾನಾ?”

ಐವರ ಹೆಸರನ್ನು ಅವಳು ಮರೆತೇಬಿಟ್ಟಿದ್ದಳು. ನಾನು ಚಪ್ಪಲಿ ಮೆಟ್ಟಿಕೊಂಡು, ಕೊಡೆಯನ್ನು ತೆಗೆದುಕೊಂಡು, ಅವಳ ಹಿಂದೆ ಹೊರಟೆ.